ಬೀಗಿತ್ತಿಯ ಫೋನಿನ ಪೌಚು

ಕಾರ್ಖಾನೆಯ ಮೇಲಿನ ಕೋಣೆ
ಸೆಪ್ಟೆಂಬರ್ ೨೮, ಭಾನುವಾರ

ಪ್ರೀತಿಯ ಚೂಟಿ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ಹೋಯಿತು ಎಂದು ನನಗೆ ಹೇಳಿ ಅಲ್ಲಿ ಕೂತು ಕೆಮ್ಮುತ್ತಿದ್ದೀಯೋ? ಬರೀ ಹೊಟ್ಟೆಯಲ್ಲಿ ಕಾಲೇಜಿಗೆ ಓಡಬೇಡ. ಚರ್ಮ ಚುಚ್ಚುವ ದಬ್ಬಳ ಹಿಡಿಯುವ ಬೆರಳಿಗೆ ರಾತ್ರಿ ಎಣ್ಣೆ ಹಚ್ಚಿಕೊಂಡು ಮಲಗು. ನಿನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ಟೀಚರಜ್ಜಿಗೆ ಸೀಮೆಸುಣ್ಣ ಹಿಡಿದು ಗೊತ್ತೇ ಹೊರತು ಇಂಥದ್ದೆಲ್ಲ ಹೊಳೆಯುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನ ಸೊಂಟನೋವು ಇದ್ದ ಹಾಗೇ ಇದೆ, ಸೋಮಾರಿತನವೂ ಇದ್ದ ಹಾಗೇ ಇದೆ. ಫೋನ್ ಮಾಡುವುದು ಬಿಟ್ಟು ಅಜ್ಜಿ ಕಾಗದ ಬರೆದಳಲ್ಲ ಎಂದು ನಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ. ನಾನು ಬಾಯಿ ತೆರೆಯುವುದರೊಳಗೆ "ಬೀಗರೇ, ಚೆನ್ನಾಗಿದ್ದೀರಾ?" ಎಂದು ಹಿಂದಿನಿಂದ ಟೀಚರಜ್ಜಿ ಹಾಜರು. ನನ್ನ ಮೊಮ್ಮಗಳ ಹತ್ತಿರ ಮಾತನಾಡಲು ನನಗೆ ಅವರ ಅಪ್ಪಣೆ ಬೇಕಾಗಿಲ್ಲ.

ಫೋನಿನ ಹೊಸ ಮಾಡೆಲ್ ಬಂದಿದೆ. ವರ್ಷಕ್ಕೊಮ್ಮೆ ಆ ಕಂಪನಿಯವರು ತಮ್ಮ ಫೋನಿನ ಮೈ ಬದಲಿಸುತ್ತಾರೆ, ನಾವು ಅದಕ್ಕೆ ಚರ್ಮದ ಅಂಗಿ ಹೊಲಿಯುತ್ತೇವೆ. ಈ ಮನೆ ನಿಂತಿರುವುದೇ ಅದರಲ್ಲಿ. ನೀನು ಹುಟ್ಟಿದ ವರ್ಷ ಬಂದ ಮೊದಲನೆಯದು ಅಂಗೈಯಲ್ಲಿ ಸೋಪಿನ ಹಾಗೆ ಕೂರುತ್ತಿತ್ತು. ಆಮೇಲೆ ಉದ್ದವಾಯಿತು, ಅದು ಸಾಲದೆಂದು ಅಗಲವಾಯಿತು. ಕಿವಿಗೆ ಸಿಕ್ಕಿಸುವ ವಯರಿನ ತೂತು ಮುಚ್ಚಿದರು, ನಮಗೆ ಉಳಿಯ ಒಂದು ಏಟು ಕಡಿಮೆಯಾಯಿತು. ಮುಂದಿನ ಗುಂಡಿಯನ್ನೂ ತೆಗೆದರು. ಇನ್ನು ಮೇಲೆ ಮುಖ ನೋಡಿಯೇ ತೆರೆದುಕೊಳ್ಳುತ್ತದಂತೆ ಎಂದು ನೀನು ಓಡಿ ಬಂದು ಹೇಳಿದಾಗ, ನನ್ನ ಮುಖ ನೋಡಿದರೆ ಮುಚ್ಚಿಕೊಳ್ಳುತ್ತದೆ ಬಿಡು ಎಂದಿದ್ದೆ. ಬೆನ್ನಿನ ಕ್ಯಾಮೆರಾ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು. ಅವುಗಳ ನಂಬರನ್ನು ನಾನು ಯಾವತ್ತೂ ನೆನಪಿಟ್ಟುಕೊಂಡವಳಲ್ಲ. ನನಗೆ ಅವು ಗುಂಡಿಯದು, ಎರಡು ಕಣ್ಣಿನದು, ಮೂರು ಕಣ್ಣಿನದು. ನಿನ್ನ ವಯಸ್ಸನ್ನೂ ಅದರಲ್ಲೇ ಅಳೆಯುತ್ತೇನೆ. ಗುಂಡಿಯದರ ಕಾಲದಲ್ಲಿ ನೀನು ಮೇಜಿನ ಕೆಳಗೆ ಕೂತು ಚರ್ಮದ ಚೂರು ಹೆಕ್ಕುತ್ತಿದ್ದೆ. ಎರಡು ಕಣ್ಣಿನದರ ಹೊತ್ತಿಗೆ ದಾರಕ್ಕೆ ಮೇಣ ಹಚ್ಚುತ್ತಿದ್ದೆ. ಮೂರು ಕಣ್ಣಿನದು ಬಂದಾಗ ಎರಡೂ ಕೈಯಲ್ಲಿ ಸೂಜಿ ಹಿಡಿದು ಹೊಲಿದೆ. ಆ ಹೊಲಿಗೆ ಕಲಿಯಲು ನನಗೆ ಅರ್ಧ ಆಯುಸ್ಸು ಬೇಕಾಯಿತು, ನಿನಗೆ ಒಂದು ಮಾಡೆಲ್ ಸಾಕಾಯಿತು. ಇದನ್ನು ಯಾರಿಗೂ ಓದಿ ಹೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಬುಧವಾರ ನಿನ್ನ ಟೀಚರಜ್ಜಿ ತಮ್ಮ ಮಗಳನ್ನು, ನಿಮ್ಮಮ್ಮನನ್ನು, ನೋಡಲು ಬಂದಿದ್ದರು. ಮನೆಯೊಳಗೆ ಹೋಗುವುದು ಬಿಟ್ಟು ನೇರ ಕಾರ್ಖಾನೆಗೆ ಬಂದು, ಕತ್ತರಿಸುವ ಮೇಜಿನ ಮೇಲೆ ತಮ್ಮ ಫೋನನ್ನು ಬೋರಲು ಇಟ್ಟರು, ಪೌಚು ಎಲ್ಲರಿಗೂ ಕಾಣಲಿ ಎಂದು. ಈ ವರ್ಷದ್ದೇ ಫೋನು. ಬೆನ್ನಿನ ಮೇಲ್ಗಡೆ ಕ್ಯಾಮೆರಾಗಳಿಗೆಂದೇ ಅಡ್ಡಕ್ಕೆ ಒಂದು ತಿಟ್ಟು ಎದ್ದಿದೆ. ಆ ತಿಟ್ಟಿನ ಸುತ್ತ ಚರ್ಮವನ್ನು ಒಂದು ಸುಕ್ಕಿಲ್ಲದೆ ಬಳಸಿ ಹೊಲಿದವರು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಮೂಲೆ ತಿರುಗುವಾಗ ಒಂದು ಹೊಲಿಗೆಯನ್ನು ಚಿಕ್ಕದು ಮಾಡುವವರು ಇಬ್ಬರೇ, ಅದರಲ್ಲಿ ಒಬ್ಬಳು ನಾನು. ಆದರೂ ಅವರು ಬಾಯಿಬಿಟ್ಟು ಹೇಳಿದರು: "ನಿಮ್ಮ ಮೊಮ್ಮಗಳು ಮಾಡಿಕೊಟ್ಲು, ನೋಡಿ. ನಿಮಗೂ ಒಂದು ಮಾಡಿಕೊಟ್ಟಿರ್ತಾಳೆ, ಅಲ್ವಾ?"

"ನಮ್ಮಲ್ಲಿ ರಾಶಿ ಬಿದ್ದಿರ್ತವೆ ಬಿಡಿ," ಎಂದೆ.

ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ತಪ್ಪು ಹುಡುಕಿದೆ ಎಂದೇ ಇಟ್ಟುಕೋ. ಕೊನೆಗೆ ದಾರಕ್ಕೆ ಮೇಣ ಸಾಲದು ಎಂದೆ. ಬೇಕಾದಷ್ಟು ಇತ್ತು. ನಿಮ್ಮಮ್ಮ ಅತ್ತ ತಿರುಗಿ ನಕ್ಕಳು, ನನಗೆ ಕಾಣಲಿಲ್ಲ ಎಂದುಕೊಂಡಿದ್ದಾಳೆ. ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೊರಡುವ ಮುಂಚೆ ಬೀಗಿತ್ತಿ ಇನ್ನೊಂದು ಸುದ್ದಿ ಬಿಟ್ಟರು. ತಮ್ಮ ಮನೆಯ ರಸ್ತೆ ಕಡೆಯ ಕೋಣೆ ಖಾಲಿ ಮಾಡಿಸಿದ್ದಾರಂತೆ. ನಿನ್ನ ಪರೀಕ್ಷೆ ಮುಗಿದ ಮೇಲೆ ನೀನು ಅಲ್ಲೇ ಮೇಜು ಹಾಕಿಕೊಂಡು ಹೊಲಿಯುತ್ತೀಯಂತೆ. ನನ್ನ ಕಾರ್ಖಾನೆಯಲ್ಲಿ ನಿಂತು, ನನ್ನ ಕೈಕೆಳಗೆ ಕಲಿತವಳ ಸುದ್ದಿಯನ್ನು ನನಗೇ ಹೇಳಿ ಹೋದರು. ನಾನು ಕಾಫಿ ಕೊಟ್ಟು ಕಳಿಸಿದೆ.

ಅವರು ಅತ್ತ ಹೋದದ್ದೇ ನಾನು ಚರ್ಮ ಬಿಡಿಸಿ ಹೊಸ ಮಾಡೆಲಿಗೆ ಕತ್ತರಿಸಲು ಕೂತೆ. ಕಣ್ಣ ತುಂಬ ಆ ಪೌಚೇ ಇತ್ತು. ಅದರಲ್ಲಿ ಮೂರು ಕಣ್ಣಿನ ತೂತುಗಳು ಎಡಕ್ಕೆ ಇದ್ದವು, ನಾನೂ ಎಡಕ್ಕೇ ಹೊಡೆದೆ. ಚರ್ಮದ ಒರಟು ಬದಿ ಮೇಲಿದೆ, ರಟ್ಟಿನ ಮಾದರಿಯನ್ನು ಮಗುಚಿ ಇಡಬೇಕು ಎನ್ನುವುದು ಮರೆತೇಹೋಯಿತು. ನಿನಗೆ ನಾನು ಹೇಳಿಕೊಟ್ಟ ಮೊದಲನೆಯ ಪಾಠ ಅದು. ತಿರುಗಿಸಿ ನೋಡಿದರೆ ತೂತುಗಳೆಲ್ಲ ಬಲಕ್ಕೆ. ಇಡೀ ಚರ್ಮ ಹಾಳು. ನಿಮ್ಮಮ್ಮ ಒಂದನ್ನು ಎತ್ತಿ ಹಿಡಿದು, "ಅತ್ತೆ, ಇದು ಕನ್ನಡಿ ಒಳಗಿರೋ ಫೋನಿಗಾ?" ಎಂದಳು. ಬೇರೆ ದಿನವಾಗಿದ್ದರೆ ಅವಳಿಗೆ ಕಾದಿತ್ತು. ಅವತ್ತು ಎದ್ದು ಹೋಗಿ ಕೈ ತೊಳೆದುಕೊಂಡೆ.

ಒಂದು ಮಾತು ಕೇಳು. ರಸ್ತೆ ಕಡೆಯ ಆ ಕೋಣೆಗೆ ಸಂಜೆಯ ಬಿಸಿಲು ನೇರ ಬೀಳುತ್ತದೆ, ಚರ್ಮ ಸೆಟೆದುಕೊಳ್ಳುತ್ತದೆ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಕಸುಬಿನ ಮಾತು. ಹೊಟ್ಟೆಕಿಚ್ಚಿನ ಮಾತು ಬೇರೆ ಇದೆ: ನೀನು ಅವರಿಗೆ ಹೊಲಿದೆ, ನನಗೆ ಹೊಲಿಯಲಿಲ್ಲ. ನಾನು ಇನ್ನೂ ಗುಂಡಿಯದನ್ನೇ ಇಟ್ಟುಕೊಂಡಿದ್ದೇನೆ, ಹಳೆಯ ಫೋನಿಗೆ ಹೊಸ ಪೌಚು ಯಾಕೆಂದು ನೀನು ಸುಮ್ಮನಿದ್ದಿರಬಹುದು. ಇರಬಹುದು. ಅವರು ನಿನಗೆ ಓದು ಹೇಳಿಕೊಡಲಿ, ನಾನು ಹೈಸ್ಕೂಲಿಗೇ ನಿಂತವಳು, ಅದರಲ್ಲಿ ಅವರ ಮುಂದೆ ಕೈಕಟ್ಟಿ ನಿಲ್ಲುತ್ತೇನೆ. ಆದರೆ ನಿನ್ನ ಹೊಲಿಗೆಯನ್ನು ಊರಿಗೆಲ್ಲ ತೋರಿಸಿಕೊಂಡು ಓಡಾಡುವ ಹಕ್ಕು ಮೊದಲು ಯಾರದು ಎಂದು ನೀನೇ ಕೂತು ಯೋಚಿಸು.

ಚೆನ್ನಾಗಿ ಪರೀಕ್ಷೆ ಬರೆ. ಟೀಚರಜ್ಜಿಗೆ ನನ್ನ ನಮಸ್ಕಾರ ತಿಳಿಸು, ಮರೆತರೂ ತಪ್ಪಿಲ್ಲ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗೆ ಯಾರ ಕಣ್ಣೂ ಬೀಳದಿರಲಿ, ನನ್ನದೂ ಸೇರಿ.

ನಿನ್ನ ಅಪ್ಪನ ತಾಯಿ,
ಕಾರ್ಖಾನೆ ಅಜ್ಜಿ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಪೇಟೆಗೆ ಹೋಗಿ ಆ ಹೊಸ ಫೋನನ್ನು ನಾನೂ ತಂದೆ. ಮಾದರಿ ತೆಗೆಯಲು ಅಲ್ಲ, ನನಗೇ. ಬರಿಮೈಯಲ್ಲಿ ಇದೆ. ಇಲ್ಲಿ ಯಾರೂ ಅದನ್ನು ಮುಟ್ಟಕೂಡದು ಎಂದು ಹೇಳಿದ್ದೇನೆ. ಅಲ್ಲಿಂದಲೇ ಹೊಲಿದು ಅಂಚೆಗೆ ಹಾಕುತ್ತೇನೆ ಎನ್ನಬೇಡ. ಒಂದು ಮಾಡೆಲಿನ ಫೋನುಗಳಿಗೆಲ್ಲ ಒಂದೇ ಅಳತೆ ಎಂದು ನನಗೆ ಪಾಠ ಮಾಡಲೂ ಬೇಡ. ನನ್ನದರ ಅಳತೆ ಬೇರೆ. ಪರೀಕ್ಷೆ ಮುಗಿದ ಕೂಡಲೇ ನೀನೇ ಬಂದು ಅಳತೆ ತೆಗೆದುಕೊಳ್ಳಬೇಕು.