ಜೆಸಿಬಿಯ ಮುಂದೆ ಕುಳಿತ ಅತ್ತೆ

ಗಾದಿಗನೂರು
9-2-2025

ಹಾಲೇಶ್ ಅವರಿಗೆ ಅನುಸೂಯಾಳ ನಮಸ್ಕಾರಗಳು.

ಮನೆಯಲ್ಲಿ ಎಲ್ಲರೂ ಆರಾಮ. ಫೋನು ಹಚ್ಚಿದರೆ ಇಬ್ಬರೂ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ದೀಪಾವಳಿಯ ಮರುದಿನ ನೀವು, ಕೆರೆ ಹೋರಾಟ ಬಿಡು, ಇಲ್ಲಾ ನನ್ನನ್ನು ಬಿಡು ಎಂದು ಯಶವಂತನಗರದ ಬಾಡಿಗೆ ಕೋಣೆಗೆ ಹೊರಟುಹೋದಿರಿ. ನಮ್ಮ ಕೆರೆಯ ನೀರನ್ನು ಪೈಪಿನಲ್ಲಿ ಕಾರ್ಖಾನೆಗೆ ಒಯ್ಯುವ ಕೆಲಸಕ್ಕೆ ನೀವೇ ಸೂಪರ್‌ವೈಸರ್. ಹೆಂಡತಿ ಧರಣಿಯಲ್ಲಿ ಕುಳಿತರೆ ನಿಮಗೆ ಕಷ್ಟವೆಂದು ನನಗೆ ಗೊತ್ತಿತ್ತು. ಕೆರೆ ಖಾಲಿಯಾದರೆ ಊರಿನ ಬೋರ್‌ವೆಲ್ಲುಗಳೆಲ್ಲ ಬತ್ತುತ್ತವೆಂದು ನಿಮಗೂ ಗೊತ್ತಿತ್ತು.

ನಿಮ್ಮ ತಾಯಿ ನಿಮ್ಮ ಪರವೇ ಇದ್ದರು. ನಾನು ಧರಣಿಗೆ ಹೊರಟಾಗಲೆಲ್ಲ "ಮನಿ ಮುರದು ಕೆರಿ ಉಳಸ್ತೀಯೇನವ್ವಾ?" ಎಂದು ಬೈಯುತ್ತಿದ್ದರು. ಬೈಯುತ್ತಲೇ ಬುತ್ತಿ ಕಟ್ಟುತ್ತಿದ್ದರು.

ಸಂಕ್ರಾಂತಿಯ ಮುಂದಿನ ವಾರ ಬೆಳಿಗ್ಗೆ ಕೆರೆ ಏರಿ ಅಗೆಯಲು ಜೆಸಿಬಿ ಬಂತು. ನಾವು ಹೆಂಗಸರು ಓಡಿದೆವು. ಎಮ್ಮೆಗೆ ನೀರು ಕುಡಿಸಲು ಬಂದಿದ್ದ ಅತ್ತೆ ಆಗಲೇ ಅಲ್ಲಿದ್ದರು. ಯಂತ್ರದ ಸದ್ದಿಗೆ ಬೆದರಿದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅತ್ತೆ ಅದರ ಹಿಂದೆ ಹೋಗಲಿಲ್ಲ. ಏರಿಯನ್ನೊಮ್ಮೆ ನೋಡಿದರು, ಸೆರಗು ಬಿಗಿದು ಜೆಸಿಬಿಯ ಮುಂದೆ ಕುಳಿತೇಬಿಟ್ಟರು.

ಓಡಿಸುತ್ತಿದ್ದವನು ನಮ್ಮ ಓಣಿಯ ತಾಯಪ್ಪ. ಇಳಿದು ಬಂದು ಕೈ ಮುಗಿದ. "ದೊಡ್ಡವ್ವಾ, ಏಳ್ರಿ. ನನ್ನ ಕೆಲಸ ಹೋಗ್ತೈತಿ."

"ನಿನಗೇನೂ ಅನ್ನಂಗಿಲ್ಲಪ್ಪ. ನಮ್ಮ ಹಾಲೇಶನ್ನ ಕರಿ. ಅವನು ಬಂದು ಏಳವ್ವಾ ಅಂದ್ರ ಏಳ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ನಾವೆಲ್ಲ ಅವರ ಸುತ್ತ ಕುಳಿತೆವು. ತಾಯಪ್ಪ ದೂರ ಹೋಗಿ ಫೋನಿನಲ್ಲಿ ಮಾತಾಡಿದ. ಹಿಂದಿರುಗಿ ಎಂಜಿನ್ ಆರಿಸಿ ನೆರಳಿಗೆ ಹೋದ. ನೀವು ಬರಲಿಲ್ಲ.

ಮಧ್ಯಾಹ್ನ ತಹಶೀಲ್ದಾರರು ಬಂದು, ಗ್ರಾಮಸಭೆ ಒಪ್ಪುವ ತನಕ ಯಾರೂ ಅಗೆಯುವಂತಿಲ್ಲ ಎಂದು ಎಲ್ಲರೆದುರು ಹೇಳಿದರು. ಆ ಸಭೆ ನಿನ್ನೆ ನಡೆಯಿತು. ಯೋಜನೆಯ ಪರ ಒಂದು ಕೈಯೂ ಏಳಲಿಲ್ಲ. ಈ ತೀರ್ಮಾನ ಹೊಸಪೇಟೆಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕು. ಕೆಲಸ ರದ್ದಾಗಿಲ್ಲ, ನಿಂತಿದೆ ಅಷ್ಟೆ. ಆದರೂ ಊರಿನವರ ಮುಖದಲ್ಲಿ ಕಳೆ ಬಂದಿದೆ. ಗದ್ದೆಗಳಲ್ಲಿ ಉಳುಮೆ ಶುರುವಾಗಿದೆ.

ಮಗ ಅಂಜಿ ಬರಲಿಲ್ಲ ಎಂದು ಜನ ಆಡಿಕೊಂಡರು. ನಿನ್ನೆ ಊಟಕ್ಕೆ ಕುಳಿತಾಗ ಅತ್ತೆ, "ಬಂದಿದ್ರ ಏನಂತಿದ್ನೇ ಅವನು?" ಎಂದು ಕೇಳಿದರು. ನಾನು ಸಾರು ಬಡಿಸುವ ನೆಪದಲ್ಲಿ ಮುಖ ತಗ್ಗಿಸಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಅನುಸೂಯಾ

ತಾ.ಕ.: ಇವತ್ತು ಬೆಳಿಗ್ಗೆ ತಾಯಪ್ಪ ಬಂದಿದ್ದ. ಅವತ್ತು ಅವನು ಫೋನು ಮಾಡಿದ್ದು ನಿಮಗೇ ಅಂತೆ. "ಬಂದ್ ಮಾಡೋ. ನಮ್ಮವ್ವ ಕುಂತಾಳಂತ ಅಲ್ಲ, ನಾವು ಮಾಡಾಕತ್ತಿದ್ದೇ ತಪ್ಪೈತಿ. ಕಂಪನಿಯವ್ರು ಕೇಳಿದ್ರ ನನ್ನ ಹೆಸರು ಹೇಳು, ಊರಾಗ ಹೇಳಬ್ಯಾಡ" ಎಂದಿರಂತೆ. ಅದಕ್ಕೆ ನಿಮ್ಮ ಕೆಲಸವೇ ಹೋಯಿತಂತೆ, ಇನ್ನೂ ಆ ಬಾಡಿಗೆ ಕೋಣೆಯಲ್ಲೇ ಇದ್ದೀರಂತೆ. ಅತ್ತೆಗೆ ಇದೇನೂ ಗೊತ್ತಿಲ್ಲ. ಅದು ನಾನು ಹೇಳಬೇಕಾದ ಮಾತಲ್ಲ. ಬಂದು ನೀವೇ ಹೇಳಿ.