ದೊರೆಯ ಗೋರಿ, ಜೆಂಜೊನ ಕೊಂಬೆ

ಮಟೋಬೊ ಬೆಟ್ಟ,
ಆಗಸ್ಟ್ ಒಂಬತ್ತು

ಪ್ರೀತಿಯ ಅಮ್ಮಾ,

ಅಣ್ಣ ಜೆಂಜೊನ ಹೆಸರೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಗಡಿ ದಾಟಿ ಸಾಮಾನು ಸಾಗಿಸುವ ನ್ಯಾತಿ ಇದನ್ನು ಜೋಹಾನ್ಸ್‌ಬರ್ಗಿನಲ್ಲಿ ನಿನ್ನ ಕೈಗೇ ಕೊಡುತ್ತಾನೆ. ಜೊತೆಗೆ ಗೋಣಿಯಲ್ಲಿ ಸುತ್ತಿದ್ದು ಒಂದಿದೆ. ಮೊದಲು ಕಾಗದ ಓದು, ಆಮೇಲೆ ಅದನ್ನು ಬಿಚ್ಚು.

ಅಜ್ಜಿ ಚೆನ್ನಾಗಿದ್ದಾಳೆ. ನಾನೂ ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ. ಅಳು ಬಂದಿಲ್ಲ. ದಿನವೂ ಪ್ರವಾಸಿಗರನ್ನು ಬೆಟ್ಟ ಹತ್ತಿಸಿ ಇಂಗ್ಲೆಂಡಿನಿಂದ ಬಂದಿದ್ದ ಗಣಿ ದೊರೆಯ ಗೋರಿ ತೋರಿಸುತ್ತೇನೆ. ವಜ್ರ ತೋಡಿಸಿದ, ಚಿನ್ನ ತೋಡಿಸಿದ, ನಮ್ಮ ನೆಲ ಕಿತ್ತುಕೊಂಡ, ದೇಶಕ್ಕೇ ಅವನ ಹೆಸರಿತ್ತು, ಇಲ್ಲಿ ಮಲಗಿದ್ದಾನೆ. ಬಾಯಿ ತಾನಾಗಿ ಹೇಳುತ್ತದೆ. ಅವರು ಫೋಟೊ ತೆಗೆದುಕೊಂಡು, ಬಂಡೆಯ ಮೇಲಿನ ಬಣ್ಣದ ಓತಿಕ್ಯಾತಗಳಿಗೆ ಬ್ರೆಡ್ಡಿನ ಚೂರು ಎಸೆದು ಇಳಿಯುತ್ತಾರೆ.

ಕಳೆದ ವಾರ ಊರ ಮುಖ್ಯಸ್ಥರು ಆ ಗೋರಿಯ ವಿಷಯಕ್ಕೇ ಸಭೆ ಕರೆದರು. ಬುಲವಾಯೊ ಪಟ್ಟಣದಿಂದ ಬಂದ ಹುಡುಗರು, ‘ಅದು ನಮ್ಮ ಹಿರಿಯರಿರೋ ಬೆಟ್ಟ. ಕಳ್ಳನ್ನ ಅಗೆದು ತೆಗೀರಿ, ಇಂಗ್ಲೆಂಡಿಗೆ ಕಳಿಸಿ’ ಅಂದರು. ಗೇಟಿನ ಬಳಿ ಬುಟ್ಟಿ ಮಾರುವ ಹೆಂಗಸರು ಎದ್ದು ನಿಂತರು. ‘ಕಳಿಸ್ರಪ್ಪಾ. ನಾಳೆಯಿಂದ ನಮ್ಮ ಬುಟ್ಟೀನ ನಿಮ್ಮಮ್ಮ ಕೊಳ್ತಾಳಾ?’ ಗುಮೆಡೆ ತಾತ ಕೋಲೂರಿಕೊಂಡು, ‘ಬದುಕಿದ್ದಾಗ ದೋಚ್ದ, ಸತ್ತ ಮೇಲೆ ನಮಗೆ ದುಡಿದು ಹಾಕ್ತಾವ್ನೆ. ದುಡಿಯೋ ಎತ್ತನ್ನ ಯಾರಾದ್ರೂ ಓಡಿಸ್ತಾರೇನ್ರೋ?’ ಅಂದ. ಎಲ್ಲರೂ ನಕ್ಕರು.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ‘ಏ ಖೆತಿವೆ, ಶಾಲೆ ಬಿಟ್ಟೋಳೇ, ದಿನಾ ಅವನ ತಲೆ ಹತ್ರ ನಿಲ್ಲೋಳು ನೀನು. ಇರ್ಬೇಕೋ, ಹೋಗ್ಬೇಕೋ?’

ಸಿಟ್ಟು ಬರಬೇಕಿತ್ತು, ಬರಲಿಲ್ಲ. ‘ಅವನೆಲ್ಲಿ ಮಲಗ್ಬೇಕು ಅಂತ ಇಡೀ ಊರು ಜಗಳ ಆಡ್ತಿದೆ. ಅಂಥೋರು ತೋಡಿಸಿಟ್ಟ ಗುಂಡೀಲಿ ನಮ್ಮ ಜೆಂಜೊ ಎಲ್ಲಿ ಮಲಗಿದಾನೆ ಅಂತ ಯಾರೂ ಕೇಳ್ಲಿಲ್ಲ. ನಂಗೊತ್ತಿಲ್ಲ ದೊಡ್ಡೋರೆ’ ಅಂದೆ. ಅಜ್ಜಿ ಅಲ್ಲೇ ಕೂತಿದ್ದಳು. ಮನೆಗೆ ಬಂದು ಮೆಕ್ಕೆಜೋಳದ ಮುದ್ದೆ ತಿರುವಿದಳು.

ಅಮ್ಮಾ, ಜೋಹಾನ್ಸ್‌ಬರ್ಗಿನ ಹತ್ತಿರದ ಆ ಮುಚ್ಚಿದ ಚಿನ್ನದ ಗಣಿಗೆ ಜೆಂಜೊನ ಜೊತೆ ಕದ್ದು ಇಳಿದಿದ್ದ ಗೆಳೆಯ ನನ್ನನ್ನು ಹುಡುಕಿಕೊಂಡು ಗೇಟಿನ ಬಳಿ ಬಂದಿದ್ದ. ಬಂಡೆ ಕುಸಿದಾಗ ಜೆಂಜೊ ಕೆಳಗಿದ್ದನಂತೆ. ಹೆಣ ಯಾರೂ ತೆಗೆಯಲಿಲ್ಲವಂತೆ. ಅದು ಕ್ರಿಸ್‌ಮಸ್ಸಿಗೆ ಮುಂಚೆ. ಅದಾಗಿ ತಿಂಗಳುಗಳ ಮೇಲೆ, ಈಸ್ಟರ್ ದಿನ ಅವನು ಫೋನ್ ಮಾಡಿದ್ದನೆಂದು ನೀನು ಅಜ್ಜಿಗೆ ಹೇಳಿದೆ. ಮಾಡಿಲ್ಲ ಅಮ್ಮಾ. ನಿನಗೂ ಗೊತ್ತು.

ಗೋಣಿಯಲ್ಲಿರುವುದು ದೂರದಲ್ಲಿ ಸತ್ತವರ ಆತ್ಮವನ್ನು ಮನೆಗೆ ತರುವ ಉಂಫಾಫಾ ಮುಳ್ಳುಮರದ ಕೊಂಬೆ. ಅದನ್ನು ಗಣಿಯ ಬಾಯಿಗೆ ಒಯ್ದು, ಅವನ ಹೆಸರು ಹಿಡಿದು ಕರೆದು, ‘ನೀನು ಇಲ್ಲಿ ಸತ್ತೆ ಮಗನೇ, ಬಾ, ಮನೆಗೆ ಹೋಗೋಣ’ ಅನ್ನಬೇಕು. ಆ ಮಾತು ಅನ್ನಲಾರದೆಯೇ ನೀನು ಹೋಗುತ್ತಿಲ್ಲ, ಬಲ್ಲೆ. ನನಗೆ ಪಾಸ್‌ಪೋರ್ಟ್ ಇದ್ದಿದ್ದರೆ ನಾನೇ ಹೋಗಿ ಅನ್ನುತ್ತಿದ್ದೆ. ಒಂದು ಸಲ ಅಂದರೆ ಸಾಕು. ಆಮೇಲೆ ದಾರಿಯುದ್ದಕ್ಕೂ ಅವನೊಬ್ಬನ ಜೊತೆಗೇ ಮಾತಾಡು. ಬಸ್ಸಿನಲ್ಲಿ ಅವನಿಗೂ ಒಂದು ಸೀಟು ಹಿಡಿ. ನದಿ ಬಂದರೆ ನದಿ ಬಂತು ಅನ್ನು, ಗಡಿ ಬಂದರೆ ಗಡಿ ಬಂತು ಅನ್ನು. ದನದ ದೊಡ್ಡಿಯ ಪಕ್ಕ ಅವನ ಗೋರಿಗೆ ಜಾಗ ನೋಡಿದ್ದೇವೆ.

ದೊರೆಯ ಗೋರಿಯ ವಿಷಯ ತೀರ್ಮಾನವಾಗಲಿಲ್ಲ. ನಾಳೆಯೂ ಬೆಟ್ಟ ಹತ್ತುತ್ತೇನೆ.

ನಿನ್ನ ಮಗಳು,
ಖೆತಿವೆ

ಸಹಿ ಹಾಕಿದ ಮೇಲೆ: ಕೊಂಬೆ ಕಡಿದವಳು ನಾನಲ್ಲ. ಸಭೆಯ ಮರುದಿನ ನಾನು ಮಚ್ಚು ಹುಡುಕುವಷ್ಟರಲ್ಲಿ ಅಜ್ಜಿ ಆಗಲೇ ಮರದ ಕೆಳಗಿದ್ದಳು. ‘ನಿಮ್ಮಮ್ಮಂಗೆ ಬರಿ’ ಅಂದಳು. ‘ಈಸ್ಟರ್ ದಿನ ಅವಳು ಹೇಳ್ದಾಗ ನಾನೇನೂ ನಂಬ್ಲಿಲ್ಲ. ಅವಳಿಗೋಸ್ಕರ ಹೂಂ ಅಂದೆ. ಇನ್ನು ಸಾಕು. ಮಗು ಅಲ್ಲಿ ಒಬ್ನೇ ಅವ್ನೆ.’