ಎರಡು ಹೆಡ್‌ಫೋನಿಗೆ ಒಂದು ವೈರು

ಹಾರ್ಲನ್ ಕ್ರೀಕ್, ನಾರ್ತ್ ಕೆರೊಲಿನಾ
ಸೆಪ್ಟೆಂಬರ್ 9

ಡಾಯ್ಲ್,

ನಿನ್ನ ಚಳಿಗಾಲದ ಕೋಟು, ಮೀನಿನ ಗಾಳ ಎಲ್ಲ ವರಾಂಡದಲ್ಲಿಟ್ಟಿದ್ದೇನೆ. ಬೇಕಾದಾಗ ತಗೊಂಡು ಹೋಗು. ನನ್ನದೊಂದು ವಸ್ತು ನಿನ್ನ ಹತ್ತಿರ ಉಳಿದಿದೆ. ಕಾರು ರೇಸಿನ ಗದ್ದಲದಲ್ಲಿ ಮಾತಾಡೋಕೆ ನಮ್ಮಿಬ್ಬರ ಹೆಡ್‌ಫೋನ್ ಜೋಡಿಸುತ್ತಿದ್ದೆವಲ್ಲ, ಆ ಕರಿ ವೈರು.

ಹೋದ ಭಾನುವಾರ ರೇಸಿಗೆ ಒಬ್ಬಳೇ ಹೋಗಿದ್ದೆ. ನಲವತ್ತು ಕಾರು ಒಟ್ಟಿಗೆ ಗುಡುಗಿದಾಗ ನದಿಯ ತಳಕ್ಕೆ ಇಳಿದ ಹಾಗಾಯಿತು. ಹನ್ನೊಂದು ವರ್ಷ ಆ ಸದ್ದಿನೊಳಗೆ ನಿನ್ನ ದನಿ ನನ್ನ ಕಿವಿಯಲ್ಲೇ ಇತ್ತು. ನಾನು ಯಾವಾಗಲೂ ಕೆಂಪು ಕಾರಿನ ಕಡೆ, ನೀನು ಹಸಿರು ಕಾರಿನ ಕಡೆ.

"ಏ ನೆಲ್, ನಿನ್ನ ಕೆಂಪು ಡಬ್ಬಾ ಇನ್ನೂ ಓಡ್ತಾ ಇದೆಯೇನೇ?"

"ನಿನ್ನ ಹಸಿರು ಕಪ್ಪೆಗಿಂತ ಮುಂದಿದೆ. ಸುಮ್ನೆ ಕಡಲೆಕಾಯಿ ತಿನ್ನೋ."

ನಿನ್ನ ಅಪ್ಪ ತೀರಿಕೊಂಡಾಗ ಯಾಕೆ ಅಳಲಿಲ್ಲ ಅಂತ ನೀನು ನನಗೆ ಹೇಳಿದ್ದೂ ಅಲ್ಲೇ, ಇನ್ನೂರನೇ ಸುತ್ತಿನಲ್ಲಿ. ಎಲ್ಲೋ ಕಾರು ಗುದ್ದಿ, ಹಳದಿ ಬಾವುಟ ಬೀಸಿ, ಎಲ್ಲ ಕಾರುಗಳೂ ನಿಧಾನವಾಗಿ ಸದ್ದು ಇಳಿದರೆ ನಾವಿಬ್ಬರೂ ಬಾಯಿ ಮುಚ್ಚುತ್ತಿದ್ದೆವು. ಮನೆಯಲ್ಲಂತೂ ಯಾವಾಗಲೂ ಹಳದಿ ಬಾವುಟವೇ. "ಈ ಮನೇಲಿ ಮಾತೇ ಇಲ್ಲ" ಅಂತ ಹೇಳಿ ನೀನು ಹೊರಟೆ. ನಾನು ಅದಕ್ಕೂ ಮಾತಾಡಲಿಲ್ಲ.

ಈ ಭಾನುವಾರ ಬಿಸಿಲು ಇಳಿಯುವಾಗ ಸವೆದ ಟೈರಿನ ಚೂರುಗಳು ಟ್ರ್ಯಾಕಿನಿಂದ ಹಾರಿ ಕರಿ ಹಿಮದ ಹಾಗೆ ನಿನ್ನ ಖಾಲಿ ಸೀಟಿನ ಮೇಲೆ ಬಿದ್ದವು. ನಿನ್ನ ಹಸಿರು ಕಪ್ಪೆಯೇ ಗೆದ್ದಿತು. ಜೋರಾಗಿ ನಿನ್ನನ್ನು ಬೈದೆ. ಪಕ್ಕದವರು ತಿರುಗಿ ನೋಡಿದರು.

ಇಪ್ಪತ್ತೊಂದಕ್ಕೆ ಮತ್ತೆ ರೇಸಿದೆ. ಅದೇ ಸೀಟು, ಟ್ರ್ಯಾಕಿನ ಮೂರನೇ ತಿರುವಿನ ಮೇಲಿನ ಗ್ಯಾಲರಿಯಲ್ಲಿ. ಕಡಲೆಕಾಯಿ ನಾನು ಬೇಯಿಸಿ ತರುತ್ತೇನೆ.

ವೈರನ್ನು ಅಂಚೆಯಲ್ಲಿ ಕಳಿಸಬೇಡ. ಕೈಯಲ್ಲೇ ತಗೊಂಡು ಬಾ.

ನೆಲ್